ಹವಾಮಾನದ ಕೆಲಸ ಪುರಸಭೆಯ ಕಡತದಲ್ಲೇ ಇದೆ

ಕುಡಿಯುವ ನೀರು, ಬೀದಿದೀಪ, ಕಸ, ಚರಂಡಿ, ಕೆರೆ, ಮರ. ಊರಿನ ಆಡಳಿತ ದಿನಬೆಳಗಾದರೆ ಕೈಹಾಕುವ ಈ ಕೆಲಸಗಳಲ್ಲೇ ತಾಪಮಾನ ಏರಿಕೆಗೆ ಕೊಡಬಹುದಾದ ಉತ್ತರವೂ ಇದೆ. ಅಹಮದಾಬಾದ್‌, ಇಂದೋರ್‌, ಓಡಂತುರೈ, ಮೀನಂಗಾಡಿ ಅದನ್ನು ಮಾಡಿ ತೋರಿಸಿವೆ.

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚು ಸತ್ತಿದ್ದರು. ಇದು ಬೆಳಕಿಗೆ ಬಂದದ್ದು ಸಂಶೋಧಕರು ಮರಣ ನೋಂದಣಿಯ ಲೆಕ್ಕವನ್ನು ಹಿಂದಿನ ವರ್ಷಗಳ ಜೊತೆ ತಾಳೆ ನೋಡಿದ ಮೇಲೆ. ಬಿಸಿಲು ಹೃದಯವನ್ನೋ ಮೂತ್ರಪಿಂಡವನ್ನೋ ಕೆಡಿಸಿ ಕೊಲ್ಲುತ್ತದೆ. ಮರಣಪತ್ರದಲ್ಲಿ ಅದರ ಹೆಸರು ಬರುವುದು ಅಪರೂಪ.

ಅದೇ ನಗರದಲ್ಲಿ ಮಹಾನಗರ ಪಾಲಿಕೆ ನಡೆಸುವ ಶಾರದಾಬೆನ್‌ ಆಸ್ಪತ್ರೆ ಇದೆ. ಅಲ್ಲಿನ ಹೆರಿಗೆ ವಾರ್ಡ್‌ ಆಗ ಮೇಲಂತಸ್ತಿನಲ್ಲಿತ್ತು. ಹಗಲಿಡೀ ಕಾದ ತಾರಸಿಯ ಅಡಿಯಲ್ಲಿ ಬಾಣಂತಿಯರೂ ಎಳೆಗೂಸುಗಳೂ ಮಲಗುತ್ತಿದ್ದರು. ಹೊರಗಿನ ಉಷ್ಣಾಂಶ 42 ಡಿಗ್ರಿ ದಾಟಿದ ಮೇಲೆ ಏರುವ ಒಂದೊಂದು ಡಿಗ್ರಿಗೂ, ಬಿಸಿಲಿನ ಬಾಧೆಯಿಂದ ತೀವ್ರ ನಿಗಾ ಘಟಕ ಸೇರುವ ನವಜಾತ ಶಿಶುಗಳ ಸಂಖ್ಯೆ ಶೇ 43ರಷ್ಟು ಹೆಚ್ಚುತ್ತಿತ್ತು ಎಂದು ಅಧ್ಯಯನ ಹೇಳಿತು. ವಾರ್ಡನ್ನು ಕೆಳಗಿನ ಅಂತಸ್ತಿಗೆ ಇಳಿಸಿದ ಮೇಲೆ ಅಂಥ ಪ್ರಕರಣಗಳು ಶೇ 64ರಷ್ಟು ಕಡಿಮೆಯಾದವು. ಮಂಚ, ತೊಟ್ಟಿಲುಗಳನ್ನು ಕೆಳಕ್ಕೆ ಸಾಗಿಸಿದ್ದಷ್ಟೇ ಕೆಲಸ. ಅದಕ್ಕೆ ಹೊಸ ಕಾನೂನು ಬೇಕಾಗಲಿಲ್ಲ, ವಿದೇಶಿ ನೆರವೂ ಬೇಕಾಗಲಿಲ್ಲ.

2013ರಲ್ಲಿ ಅಹಮದಾಬಾದ್‌ ಪಾಲಿಕೆ ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ಜೊತೆ ಸೇರಿ ಬಿಸಿಲು ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಯೋಜನೆಯ ಒಳಗೆ ಕಣ್ಣು ಕೋರೈಸುವಂಥದ್ದು ಏನೂ ಇಲ್ಲ. ಹವಾಮಾನ ಮುನ್ಸೂಚನೆ ನೋಡಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡಬೇಕು. ಉಷ್ಣಾಂಶ 45 ಡಿಗ್ರಿ ಮುಟ್ಟುವ ಸೂಚನೆ ಇದ್ದರೆ ಕೆಂಪು. ಎಚ್ಚರಿಕೆ ಬಂದ ಕೂಡಲೇ ಆಸ್ಪತ್ರೆ, ಆಂಬುಲೆನ್ಸ್‌, ನೀರು ಸರಬರಾಜು, ಶಾಲೆ, ಕಾರ್ಮಿಕ ಇಲಾಖೆಗಳಿಗೆಲ್ಲ ಯಾರು ಫೋನ್‌ ಮಾಡಬೇಕು, ಅವರು ಏನು ಮಾಡಬೇಕು ಎಂಬುದು ಮೊದಲೇ ಬರೆದಿಟ್ಟಿರಬೇಕು. ಉದ್ಯಾನಗಳ ಗೇಟು ಮಧ್ಯಾಹ್ನವೂ ತೆರೆದಿರಬೇಕು. ಅರವಟ್ಟಿಗೆಗಳು ಹೆಚ್ಚಬೇಕು. ಇಷ್ಟಕ್ಕೂ ಒಬ್ಬ ಅಧಿಕಾರಿ ಹೊಣೆಗಾರನಾಗಿರಬೇಕು. 2014 ಮತ್ತು 2015ರಲ್ಲಿ ಈ ಯೋಜನೆಯಿಂದ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿರಬಹುದು ಎಂದು ನಂತರದ ಅಧ್ಯಯನವೊಂದು ಅಂದಾಜು ಮಾಡಿತು.

ಹವಾಮಾನ ಬದಲಾವಣೆ ಎಂದರೆ ಪ್ಯಾರಿಸ್‌, ಗ್ಲಾಸ್ಗೊ, ದುಬೈಗಳಲ್ಲಿ ದೇಶ ದೇಶಗಳ ನಾಯಕರು ಕೂತು ಮಾತಾಡುವ ವಿಷಯ ಎಂದುಕೊಂಡವರು ಈ ಉದಾಹರಣೆಯನ್ನು ಮತ್ತೆ ಮತ್ತೆ ನೋಡಬೇಕು. ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚುವುದು, ಇಂಧನ ನೀತಿ ಬದಲಿಸುವುದು ದೊಡ್ಡ ಸರ್ಕಾರಗಳ ಕೆಲಸ ನಿಜ. ಆದರೆ ಬಿಸಿಲು ಬೀಳುವುದು ವಾರ್ಡಿನ ಮೇಲೆ, ನೀರು ನುಗ್ಗುವುದು ಬೀದಿಗೆ, ಕೊಳವೆಬಾವಿ ಬತ್ತುವುದು ಊರಿನಲ್ಲಿ. ಅಲ್ಲಿ ಜನರ ಕೈಗೆ ಸಿಗುವ ಸರ್ಕಾರ ಎಂದರೆ ಪುರಸಭೆ, ನಗರಸಭೆ, ಪಾಲಿಕೆ, ಗ್ರಾಮ ಪಂಚಾಯಿತಿ.

ಅಧಿಕಾರ ಇದೆಯೇ?

ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ಕಾರ್ಯಗಳನ್ನು ಪಟ್ಟಿ ಮಾಡಲಾಗಿದೆ. ಹವಾಮಾನ ಬದಲಾವಣೆ ಎಂಬ ಮಾತು ಅಲ್ಲಿಲ್ಲ. ನಗರ ಯೋಜನೆ, ಕಟ್ಟಡ ನಿಯಂತ್ರಣ, ರಸ್ತೆ, ನೀರು ಸರಬರಾಜು, ಕಸ ವಿಲೇವಾರಿ, ನಗರ ಅರಣ್ಯ, ಕೊಳೆಗೇರಿ ಸುಧಾರಣೆ, ಉದ್ಯಾನ, ಬೀದಿದೀಪ, ಬಸ್‌ ತಂಗುದಾಣ ಇವೆಲ್ಲ ಇವೆ. 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಕೊಟ್ಟ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಅಸಾಂಪ್ರದಾಯಿಕ ಇಂಧನ ಸೇರಿವೆ. ಇಂಗಾಲವನ್ನು ಕಡಿಮೆ ಮಾಡುವ ಕೆಲಸವೂ, ಬರುವ ಬಿಸಿಲು ಮಳೆಗಳಿಂದ ಜನರನ್ನು ಕಾಪಾಡುವ ಕೆಲಸವೂ ಹೆಚ್ಚುಕಡಿಮೆ ಈ ಎರಡು ಪಟ್ಟಿಗಳ ಒಳಗೇ ಬರುತ್ತವೆ.

ಹಾಗಾಗಿ ಹೊಸದೊಂದು ಇಲಾಖೆ ತೆರೆದು, ಅದಕ್ಕೊಂದು ಬೋರ್ಡು ಹಾಕುವವರೆಗೂ ಕಾಯಬೇಕಿಲ್ಲ. ಈಗ ನಡೆಯುತ್ತಿರುವ ಕೆಲಸವನ್ನೇ ಲೆಕ್ಕ ಇಟ್ಟು, ಬಜೆಟ್ಟಿನಲ್ಲಿ ಹಣ ಇಟ್ಟು, ಒಬ್ಬರನ್ನು ಹೊಣೆ ಮಾಡಿ ನಡೆಸಿದರೆ ಅರ್ಧ ದಾರಿ ಸಾಗಿದಂತೆ.

ನೀರಿನಲ್ಲಿ ಅಡಗಿದ ಕರೆಂಟು

ಸ್ಥಳೀಯ ಸಂಸ್ಥೆಯ ಇಂಗಾಲದ ಲೆಕ್ಕ ನಲ್ಲಿಯಿಂದ ಶುರುವಾಗುತ್ತದೆ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೊಮೀಟರ್‌ ದೂರದಿಂದ, ತೊರೆಕಾಡನಹಳ್ಳಿಯ ಕಡೆಯಿಂದ, ಹಂತ ಹಂತವಾಗಿ ಸುಮಾರು 500 ಮೀಟರ್‌ ಎತ್ತರ ಏರಿ. ಸಾವಿರ ಲೀಟರ್‌ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಬರಿಯ ಲೆಕ್ಕದಲ್ಲೇ 1.4 ಯೂನಿಟ್‌ ವಿದ್ಯುತ್‌ ಬೇಕು. ಪಂಪು, ಕೊಳವೆಗಳ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್‌ ಇರುತ್ತದೆ. ರಸ್ತೆಯಡಿಯ ಕೊಳವೆ ಒಡೆದು ಸೋರಿದ ಪ್ರತಿ ಸಾವಿರ ಲೀಟರ್‌ ಜೊತೆ ಒಂದು ಕಿಲೊಗ್ರಾಂ ಮೀರಿದ ಇಂಗಾಲದ ಡೈಆಕ್ಸೈಡೂ ಗಾಳಿ ಸೇರುತ್ತದೆ. ಬೆಂಗಳೂರಿನಲ್ಲಿ ಲೆಕ್ಕಕ್ಕೆ ಸಿಗದ ನೀರಿನ ಪಾಲು ಕಾಲು ಭಾಗಕ್ಕೂ ಹೆಚ್ಚು. ಅಂದರೆ ಸೋರುವ ಕೊಳವೆ ಸರಿಮಾಡುವುದು, ಮೀಟರ್‌ ಹಾಕುವುದು, ಮಳೆ ನೀರು ಹಿಡಿಯುವುದು, ಶುದ್ಧೀಕರಿಸಿದ ನೀರನ್ನು ಉದ್ಯಾನಕ್ಕೂ ಕಟ್ಟಡ ಕೆಲಸಕ್ಕೂ ಕೊಡುವುದು ಎಲ್ಲವೂ ಹವಾಮಾನದ ಕೆಲಸ.

ಇಂದೋರ್‌ ಇದೇ ಸಮಸ್ಯೆಯನ್ನು ಇನ್ನೊಂದು ತುದಿಯಿಂದ ಹಿಡಿಯಿತು. ಆ ನಗರಕ್ಕೆ ನರ್ಮದೆಯ ನೀರು ಖರಗೋನ್‌ ಜಿಲ್ಲೆಯ ಜಲೂದ್‌ನಿಂದ ಪಂಪ್‌ ಆಗಿ ಬರುತ್ತದೆ. ಕರೆಂಟು ಬಿಲ್ಲು ಪಾಲಿಕೆಯ ಬೊಕ್ಕಸವನ್ನು ತಿನ್ನುತ್ತಿತ್ತು. 2023ರ ಫೆಬ್ರುವರಿಯಲ್ಲಿ ಇಂದೋರ್‌ ಪಾಲಿಕೆ 244 ಕೋಟಿ ರೂಪಾಯಿಯ ಹಸಿರು ಬಾಂಡ್‌ಗಳನ್ನು ಸಾರ್ವಜನಿಕರಿಗೆ ಮಾರಾಟಕ್ಕಿಟ್ಟಿತು. ಜಲೂದ್‌ನಲ್ಲೇ 60 ಮೆಗಾವಾಟ್‌ ಸೌರ ಸ್ಥಾವರ ಕಟ್ಟಿ ಪಂಪುಗಳಿಗೆ ಬಳಸುವುದು ಉದ್ದೇಶ. ಕೊಳ್ಳಲು ಬಂದ ಬೇಡಿಕೆ ಕೇಳಿದ ಮೊತ್ತದ ಹಲವು ಪಟ್ಟು ಇತ್ತು. ಲೆಕ್ಕಪತ್ರ ಸರಿಯಿದ್ದ ಪಾಲಿಕೆಯನ್ನು ಜನ ನಂಬಿ ಹಣ ಹೂಡುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ದೊಡ್ಡ ನಗರಕ್ಕೆ ಆದೀತು, ಹಳ್ಳಿಗೆ ಹೇಗೆ ಎನ್ನುವವರಿಗೆ ಕೊಯಮತ್ತೂರು ಜಿಲ್ಲೆಯ ಓಡಂತುರೈ ಉತ್ತರ. ಮೆಟ್ಟುಪಾಳ್ಯದ ಬಳಿಯ ಈ ಪಂಚಾಯಿತಿಗೆ ಆರ್‌. ಷಣ್ಮುಗಂ ಅಧ್ಯಕ್ಷರಾಗಿದ್ದಾಗ ನೀರೆತ್ತುವ ಪಂಪುಗಳ ವಿದ್ಯುತ್‌ ಬಿಲ್ಲು ಏರುತ್ತಲೇ ಹೋಗಿತ್ತು. 2006ರಲ್ಲಿ ಪಂಚಾಯಿತಿ ತನ್ನ ಉಳಿತಾಯದ 40 ಲಕ್ಷ ರೂಪಾಯಿಗೆ ಬ್ಯಾಂಕಿನಿಂದ 1.15 ಕೋಟಿ ಸಾಲ ಸೇರಿಸಿ, ಗಾಳಿ ಚೆನ್ನಾಗಿ ಬೀಸುವ ಜಾಗದಲ್ಲಿ 350 ಕಿಲೊವಾಟ್‌ನ ಗಾಳಿಯಂತ್ರವನ್ನೇ ಕೊಂಡಿತು. ಊರಿಗೆ ಬೇಕಾದಷ್ಟನ್ನು ಲೆಕ್ಕಕ್ಕೆ ಹಿಡಿದು ಉಳಿದ ವಿದ್ಯುತ್ತನ್ನು ತಮಿಳುನಾಡು ವಿದ್ಯುತ್‌ ಮಂಡಳಿಗೆ ಮಾರಿತು, ಆ ವರಮಾನದಲ್ಲೇ ಸಾಲವನ್ನೂ ತೀರಿಸಿತು.

ಇನ್ನು ನಮ್ಮ ಕರ್ನಾಟಕದ ಹಳ್ಳಿಗಳ ಸ್ಥಿತಿ ನೋಡಿ. ನೀರುಗಂಟಿ ನಸುಕಿನಲ್ಲೇ ಎದ್ದು ಕೊಳವೆಬಾವಿಯ ಮೋಟರ್‌ ಹಾಕುತ್ತಾರೆ. ಅವರಿಗೆ ಇನ್ನೂ ಎರಡು ಮೂರು ಕಡೆ ವಾಲ್ವ್‌ ತಿರುಗಿಸುವುದಿರುತ್ತದೆ. ಅಷ್ಟರಲ್ಲಿ ಓವರ್‌ಹೆಡ್‌ ಟ್ಯಾಂಕ್‌ ತುಂಬಿ, ಕೊಳವೆಯಿಂದ ನೀರು ಚರಂಡಿಗೆ ಹರಿಯುತ್ತಿರುತ್ತದೆ. ಯಾರಾದರೂ ಕೂಗಿ ಹೇಳಿದ ಮೇಲೆ ಮೋಟರ್‌ ಬಂದ್‌. ಬೀದಿದೀಪಕ್ಕೆ ಪ್ರತ್ಯೇಕ ತಂತಿ, ಸ್ವಿಚ್‌ ಇಲ್ಲದ ಕಡೆ ನಡುಮಧ್ಯಾಹ್ನವೂ ಬಲ್ಬು ಉರಿಯುತ್ತಿರುತ್ತದೆ. ರಾಜ್ಯದ ಪಂಚಾಯಿತಿಗಳು ಎಸ್ಕಾಂಗಳಿಗೆ ಉಳಿಸಿಕೊಂಡಿರುವ ಬಾಕಿ ಸಾವಿರಾರು ಕೋಟಿ. ಅದರ ಬಹುಪಾಲು ಈ ಎರಡೇ ಬಾಬ್ತಿನದು, ಕುಡಿಯುವ ನೀರಿನ ಪಂಪು ಮತ್ತು ಬೀದಿದೀಪ. ಟ್ಯಾಂಕಿಗೊಂದು ಫ್ಲೋಟ್‌ ಸ್ವಿಚ್‌, ದೀಪದ ಸಾಲಿಗೊಂದು ಟೈಮರ್‌ ಮತ್ತು ಮೀಟರ್‌, ಹಳೆಯ ಸೋಡಿಯಂ ದೀಪದ ಜಾಗದಲ್ಲಿ ಎಲ್‌ಇಡಿ, ಪಂಚಾಯಿತಿ ಕಟ್ಟಡ ಮತ್ತು ಶಾಲೆಯ ತಾರಸಿ ಮೇಲೆ ಸೌರ ಫಲಕ. ಇವಕ್ಕೆ ವಿಶೇಷ ತಜ್ಞರು ಬೇಕಿಲ್ಲ. ಕ್ರಿಯಾಯೋಜನೆಯಲ್ಲಿ ನಾಲ್ಕು ಸಾಲು ಬೇಕು, ಪಿಡಿಒ ಸಹಿ ಬೇಕು.

ಕಸದ ರಾಶಿಯೊಳಗಿನ ಅನಿಲ

ನಮ್ಮ ಊರುಗಳ ಕಸದಲ್ಲಿ ಅರ್ಧಕ್ಕೂ ಹೆಚ್ಚು ಹಸಿ ಕಸ. ಅದನ್ನು ಪ್ಲಾಸ್ಟಿಕ್‌ ಜೊತೆ ಬೆರೆಸಿ ಗುಡ್ಡೆ ಹಾಕಿದರೆ ಒಳಗೆ ಗಾಳಿಯಾಡದೆ ಕೊಳೆತು ಮೀಥೇನ್‌ ಆಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್‌ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕ ತೆಗೆದರೆ 80 ಪಟ್ಟು. ಅದೇ ಹಸಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿದರೆ ಅದು ಗೊಬ್ಬರ ಅಥವಾ ಅಡುಗೆ ಅನಿಲ. ಕಸ ವಿಂಗಡಣೆ ಬರಿಯ ಸ್ವಚ್ಛತೆಯ ಮಾತಾಗಿ ಉಳಿದಿಲ್ಲ. ಸ್ಥಳೀಯ ಸಂಸ್ಥೆ ಅತಿ ಬೇಗ, ಅತಿ ಅಗ್ಗವಾಗಿ ಕಡಿಮೆ ಮಾಡಬಹುದಾದ ಮಾಲಿನ್ಯ ಈ ಮೀಥೇನ್‌.

ವಿಂಗಡಣೆ ಮಾಡದಿದ್ದರೆ ಆಗುವ ಅನ್ಯಾಯ ಮಂಡೂರಿನವರಿಗೆ ಗೊತ್ತು. ಬೆಂಗಳೂರಿನ ಕಸ ತಮ್ಮೂರಿಗೆ ಬಂದು ಬೀಳುವುದರ ವಿರುದ್ಧ ಆ ಜನ ಬೀದಿಗಿಳಿದ ಮೇಲೆ, 2014ರ ಕೊನೆಗೆ ಲಾರಿಗಳು ನಿಂತವು. ಮಾವಳ್ಳಿಪುರದ ಕಥೆಯೂ ಇದೇ. ನಗರ ತನ್ನ ಹೊರೆಯನ್ನು ಹಳ್ಳಿಯ ತಲೆಗೆ ಕಟ್ಟುವ ಈ ಪದ್ಧತಿ ನಿಲ್ಲಬೇಕಾದರೆ ಪ್ರತಿ ಮನೆಯ ಬಾಗಿಲಲ್ಲಿ ಎರಡು ಬುಟ್ಟಿ ಇರಬೇಕು, ಬರುವ ಗಾಡಿಯಲ್ಲೂ ಎರಡು ಭಾಗ ಇರಬೇಕು.

ಇಂದೋರಿನಲ್ಲಿ ಮನೆಮನೆಯ ವಿಂಗಡಣೆ ಗಟ್ಟಿಯಾದ ಮೇಲೆ 2022ರ ಫೆಬ್ರುವರಿಯಲ್ಲಿ ದಿನಕ್ಕೆ 550 ಟನ್‌ ಹಸಿ ಕಸ ಅರಗಿಸುವ ಘಟಕ ಉದ್ಘಾಟನೆಯಾಯಿತು. ದಿನಕ್ಕೆ ಸುಮಾರು 17 ಸಾವಿರ ಕೆ.ಜಿ. ಸಿಎನ್‌ಜಿ, 100 ಟನ್‌ ಗೊಬ್ಬರ ಅದರ ಸಾಮರ್ಥ್ಯ. ಆ ಅನಿಲದಲ್ಲಿ ನಗರದ ಬಸ್ಸುಗಳು ಓಡುತ್ತವೆ. ಇಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ಮನೆಯ ಬಾಗಿಲಲ್ಲಿ ವಿಂಗಡಣೆ, ಆಮೇಲೆ ಯಂತ್ರ. ಬೆರಕೆ ಕಸ ಸುರಿದರೆ ಎಂಥ ಘಟಕವೂ ಕೆಡುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಇದು ಪಂಚಾಯಿತಿ ಮಟ್ಟದಲ್ಲೇ ಬೇರು ಬಿಟ್ಟಿದೆ. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯಿತಿ ಕಸವನ್ನು ಸಂಪನ್ಮೂಲವಾಗಿ ನೋಡಿ ಹೆಸರು ಮಾಡಿತು. ಅದೇ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತಂದು ಬೇರ್ಪಡಿಸುವ ದೊಡ್ಡ ಘಟಕವಿದೆ. ಒಂದು ಪಂಚಾಯಿತಿಗೆ ಭಾರವಾಗುವ ಕೆಲಸವನ್ನು ಹತ್ತಾರು ಪಂಚಾಯಿತಿ ಸೇರಿ ಹೊರಬಹುದು ಎಂಬುದು ಅಲ್ಲಿನ ಪಾಠ. ರಾಜ್ಯದ ಹಳ್ಳಿಗಳಲ್ಲಿ ಸ್ವಚ್ಛ ವಾಹಿನಿ ಎಂಬ ಕಸದ ಗಾಡಿಗಳನ್ನು ಓಡಿಸುತ್ತಿರುವವರು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಡ್ರೈವಿಂಗ್‌ ಕಲಿತು, ಲೈಸೆನ್ಸ್‌ ಪಡೆದು, ಬೆಳಿಗ್ಗೆ ಹಾಡು ಹಾಕಿಕೊಂಡು ಮನೆಮನೆಗೆ ಬರುವ ಈ ಅಕ್ಕಂದಿರ ಸಂಬಳ ತಿಂಗಳು ತಿಂಗಳಿಗೆ ಸರಿಯಾಗಿ ಕೈಸೇರುವಂತೆ ನೋಡಿಕೊಳ್ಳುವುದೂ ಹವಾಮಾನ ನೀತಿಯ ಭಾಗವೇ. ಅವರು ನಿಂತ ದಿನ ವಿಂಗಡಣೆಯೂ ನಿಲ್ಲುತ್ತದೆ.

ಕೆರೆ, ಕಾಲುವೆ, ನೆರಳು

2022ರ ಸೆಪ್ಟೆಂಬರ್‌ 4ರ ರಾತ್ರಿ ಸುರಿದ ಮಳೆ ಬೆಂಗಳೂರಿನಲ್ಲಿ 24 ಗಂಟೆಯಲ್ಲಿ 131.6 ಮಿಲಿಮೀಟರ್‌ ದಾಖಲಾಯಿತು. ಮಹದೇವಪುರ ಭಾಗದ ಬಡಾವಣೆಗಳಲ್ಲಿ ಟ್ರ್ಯಾಕ್ಟರ್‌, ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಎರಡು ವರ್ಷ ಕಳೆಯುವ ಮುನ್ನವೇ, 2024ರ ಬೇಸಿಗೆಯಲ್ಲಿ, ಅದೇ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ನೆರೆ, ಬರ ಎರಡಕ್ಕೂ ಮೂಲ ಒಂದೇ. ಕೆರೆಯಿಂದ ಕೆರೆಗೆ ನೀರು ಸಾಗಿಸುತ್ತಿದ್ದ ರಾಜಕಾಲುವೆ ಮುಚ್ಚಿತು, ಕೋಡಿಯ ಮುಂದೆ ಕಟ್ಟಡ ಎದ್ದಿತು, ನೆಲಕ್ಕೆಲ್ಲ ಕಾಂಕ್ರೀಟ್‌ ಬಿತ್ತು. ಮಳೆ ಬಂದರೆ ನಿಲ್ಲಲು ಜಾಗವಿಲ್ಲ, ಬಿಸಿಲು ಬಂದರೆ ನೆಲದಡಿ ನೀರಿಲ್ಲ. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದುಕೊಳ್ಳುವುದರಿಂದ ಮುಂದಿನ ಮಳೆಗಳು ಇನ್ನೂ ರಭಸದಿಂದ ಸುರಿಯುತ್ತವೆ.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಸಣ್ಣ ಕೆರೆಗಳು ಪಂಚಾಯಿತಿ ವ್ಯವಸ್ಥೆಯ ಪಾಲಿಗೆ ಬರುತ್ತವೆ. ಅವುಗಳ ತೂಬು, ಕೋಡಿ, ಪೋಷಕ ಕಾಲುವೆಗಳನ್ನು ಸರ್ವೆ ಮಾಡಿಸಿ, ಗಡಿ ಕಲ್ಲು ನೆಟ್ಟು, ಮುಂಗಾರಿಗೆ ಮುನ್ನ ಪ್ರತಿ ವರ್ಷ ಹೂಳು ಕಸ ತೆಗೆಸುವುದು ಪಂಚಾಯಿತಿಯ ಕೈಯಲ್ಲೇ ಇದೆ. ಕೆರೆಗೆ ಕೋಟಿಗಟ್ಟಲೆ ಸುರಿದು ಸುತ್ತ ವಾಕಿಂಗ್‌ ಪಥ ಮಾಡುವುದಕ್ಕಿಂತ ಮೊದಲು ಅದಕ್ಕೆ ನೀರು ತರುವ ಕಾಲುವೆಯನ್ನು ಬಿಡಿಸಬೇಕು. ಪಟ್ಟಣಗಳಲ್ಲಿ ನಕ್ಷೆ ಮಂಜೂರು ಮಾಡುವ ಅಧಿಕಾರಿ ಕಾಲುವೆಯ ಮೀಸಲು ಜಾಗವನ್ನು ನೋಡದೆ ಸಹಿ ಹಾಕಿದರೆ, ಆ ಒಂದು ಸಹಿಯ ಬೆಲೆಯನ್ನು ಇಡೀ ಬಡಾವಣೆ ವರ್ಷ ವರ್ಷ ತೆರುತ್ತದೆ.

ಬಿಸಿಲಿನ ವಿಷಯಕ್ಕೆ ಬಂದರೆ ಕಲಬುರಗಿ, ರಾಯಚೂರು, ವಿಜಯಪುರಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್‌, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ರೂಢಿ. ಇದು ಒಳ್ಳೆಯ ಕ್ರಮ, ಆದರೆ ಫ್ಯಾನಿನಡಿ ಕೂರುವವರಿಗೆ ಸಿಕ್ಕ ಈ ರಕ್ಷಣೆ ಪೌರಕಾರ್ಮಿಕರಿಗೆ, ರಸ್ತೆ ಕೆಲಸದವರಿಗೆ, ತಳ್ಳುಗಾಡಿಯವರಿಗೆ, ಹಮಾಲರಿಗೆ ಸಿಗಬೇಕಾದದ್ದು ಇನ್ನೂ ಮುಖ್ಯ. ಅವರ ಕೆಲಸದ ಹೊತ್ತು ಬದಲಿಸುವುದು, ಬಸ್‌ ನಿಲ್ದಾಣ ಮತ್ತು ಮಾರುಕಟ್ಟೆಯಲ್ಲಿ ನೆರಳು, ಕುಡಿಯುವ ನೀರು ಕೊಡುವುದು ನಗರಸಭೆಯಿಂದ ಆಗುವ ಕೆಲಸ. ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮಾಳಿಗೆಯ ತಂಪು ಮನೆಗಳು ಹೋಗಿ ತಗಡಿನ ಮನೆಗಳು ಬಂದಿವೆ. ತಗಡು, ಆರ್‌ಸಿಸಿ ತಾರಸಿಗಳಿಗೆ ಬಿಳಿ ಸುಣ್ಣ ಬಳಿದರೆ ಒಳಗಿನ ಬಿಸಿ ಎರಡು ಡಿಗ್ರಿಯಿಂದ ಐದು ಡಿಗ್ರಿವರೆಗೆ ಇಳಿಯುತ್ತದೆ. ಅಹಮದಾಬಾದ್‌ 2017ರಲ್ಲಿ ಬಡವರ ಮನೆಗಳಿಗೆ ಈ ಕೆಲಸ ಶುರುಮಾಡಿತು, ತೆಲಂಗಾಣ 2023ರಲ್ಲಿ ತಂಪು ತಾರಸಿಗೆಂದೇ ನೀತಿ ಮಾಡಿತು. ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಆಶ್ರಯ ಮನೆಗಳ ತಾರಸಿಗಳಿಂದ ನಮ್ಮ ಊರುಗಳೂ ಶುರುಮಾಡಬಹುದು.

ಮರಗಳಿಗೂ ಕಾನೂನಿನ ಆಸರೆ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಈ ಪ್ರಕಟಣೆ ಬಂದಾಗ ಊರಿನವರು ಓದಿ, ಬರೆದು ಉತ್ತರಿಸಬೇಕು. ಒಂದು ರಸ್ತೆಯ ಹಳೆಯ ಹೊಂಗೆ, ಬೇವುಗಳ ನೆರಳನ್ನು ಪರಿಸರ ದಿನದಂದು ನೆಟ್ಟ ಸಸಿಗಳು ತುಂಬಿಕೊಡಲು ಒಂದು ತಲೆಮಾರೇ ಬೇಕು.

ಲೆಕ್ಕ ಇಟ್ಟ ಪಂಚಾಯಿತಿ

ಕೇರಳದ ವಯನಾಡು ಜಿಲ್ಲೆಯ ಮೀನಂಗಾಡಿ ಗ್ರಾಮ ಪಂಚಾಯಿತಿ 2016ರ ಜೂನ್‌ 5ರಂದು ಇಂಗಾಲ ಸಮತೋಲನದ ಗುರಿ ಘೋಷಿಸಿತು. ಘೋಷಣೆಯ ಹಿಂದೆಯೇ ಲೆಕ್ಕ ಶುರುವಾಯಿತು: ಎಷ್ಟು ಮನೆಗಳಲ್ಲಿ ಯಾವ ಒಲೆ, ಎಷ್ಟು ವಾಹನ, ಎಷ್ಟು ವಿದ್ಯುತ್‌, ಎಷ್ಟು ದನ, ಎಷ್ಟು ಮರ. ಊರು ವರ್ಷಕ್ಕೆ ಹೊರಬಿಡುವ ಸುಮಾರು 33 ಸಾವಿರ ಟನ್‌ ಇಂಗಾಲದಲ್ಲಿ, ಊರಿನ ಮರ ಮಣ್ಣು ಹೀರಿದ ಮೇಲೂ 11 ಸಾವಿರ ಟನ್ನಿನಷ್ಟು ಉಳಿಯುತ್ತದೆ ಎಂದು ತಿಳಿಯಿತು. ಕಡಿಮೆ ಮಾಡಬೇಕಾದದ್ದು ಎಷ್ಟು ಎಂಬುದು ಆ ದಿನದಿಂದ ಊರಿಗೇ ಗೊತ್ತು. ಮರ ಉಳಿಸಲು ಅವರು ಕಂಡುಕೊಂಡ ದಾರಿ ಮರದ ಬ್ಯಾಂಕು. ಕಷ್ಟಕ್ಕೆ ಮರ ಕಡಿದು ಮಾರುವ ರೈತ ಅದನ್ನು ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟು, ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಹಣ ಪಡೆಯಬಹುದು. ಮರ ಕಡಿದರೆ ಮಾತ್ರ ಸಾಲ ತೀರಿಸಬೇಕು.

ವಯನಾಡು ನಮಗೆ ದೂರದ ನೆಲವಲ್ಲ, ಕಬಿನಿಯ ತವರು. ಅಲ್ಲಿನ ಬೆಟ್ಟದಲ್ಲಿ ಮರ ಉಳಿದರೆ ಹೆಗ್ಗಡದೇವನಕೋಟೆಯ ಜಲಾಶಯಕ್ಕೆ, ನಂಜನಗೂಡಿನ ಗದ್ದೆಗಳಿಗೆ ನೀರು.

ಹಣ ಮತ್ತು ಹೊಣೆ

ಹಣವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಹಳ್ಳಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ನೈರ್ಮಲ್ಯ, ಕುಡಿಯುವ ನೀರು, ಮಳೆ ನೀರು ಸಂಗ್ರಹ, ನೀರಿನ ಮರುಬಳಕೆಗೆಂದೇ ಕಟ್ಟಿಟ್ಟಿತ್ತು. ಹಣ ಬಂದಿತ್ತು. ಅದು ಚರಂಡಿಗೆ ಕಾಂಕ್ರೀಟ್‌ ಹಾಕಲು ಹೋಯಿತೋ, ಇಂಗುಗುಂಡಿಗೆ ಹೋಯಿತೋ ಎಂಬುದು ಆಯಾ ಊರಿನ ತೀರ್ಮಾನ.

ತೀರ್ಮಾನ ತೆಗೆದುಕೊಳ್ಳಲು ಚುನಾಯಿತರು ಇರಬೇಕು. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2023ರ ನವೆಂಬರ್‌ನಲ್ಲಿ ನಗರಕ್ಕೊಂದು ಹವಾಮಾನ ಕ್ರಿಯಾ ಯೋಜನೆ ಬಂತು, 2050ಕ್ಕೆ ನಿವ್ವಳ ಶೂನ್ಯದ ಗುರಿಯೂ ಬಂತು. ಅದನ್ನು ಚರ್ಚಿಸಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ. 2025ರಲ್ಲಿ ಪಾಲಿಕೆ ಐದಾಗಿ ಒಡೆಯುವವರೆಗೂ ಚುನಾವಣೆ ನಡೆಯಲೇ ಇಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳೂ ವರ್ಷಗಟ್ಟಲೆ ಖಾಲಿ ಉಳಿದವು. ಕಾಲುವೆ ಕಟ್ಟಿಕೊಂಡಾಗ ಜನ ಯಾರ ಮನೆಯ ಬಾಗಿಲು ತಟ್ಟಬೇಕು? ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಆದರೆ ವಾರ್ಡಿನ ಸದಸ್ಯ ಮತ್ತೆ ಓಟು ಕೇಳಲು ಅದೇ ಬೀದಿಗೆ ಬರಬೇಕು. ಸ್ಥಳೀಯ ಚುನಾವಣೆಯನ್ನು ಮುಂದೂಡುವುದೆಂದರೆ ಹವಾಮಾನದ ಕೆಲಸವನ್ನೂ ಮುಂದೂಡಿದಂತೆ.

ರಾಜ್ಯದಲ್ಲಿ ಆರು ಸಾವಿರದಷ್ಟು ಗ್ರಾಮ ಪಂಚಾಯಿತಿಗಳಿವೆ, ಮುನ್ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿವೆ. ವರ್ಷಕ್ಕೆ ಕನಿಷ್ಠ ಎರಡು ಸಲ ಗ್ರಾಮಸಭೆ ಸೇರಲೇಬೇಕು. ಮುಂದಿನ ಸಭೆಯಲ್ಲಿ ಐದು ಪ್ರಶ್ನೆ ಕೇಳೋಣ. ಕಳೆದ ವರ್ಷ ನೀರಿನ ಪಂಪು, ಬೀದಿದೀಪಕ್ಕೆ ಎಷ್ಟು ಯೂನಿಟ್‌ ಖರ್ಚಾಯಿತು? ಹಸಿ ಕಸ ಎಲ್ಲಿಗೆ ಹೋಗುತ್ತಿದೆ? ನಮ್ಮ ಕೆರೆಯ ಪೋಷಕ ಕಾಲುವೆಯ ಸರ್ವೆ ನಕ್ಷೆ ಎಲ್ಲಿದೆ? ಬಿಸಿಲು, ನೆರೆಯ ದಿನ ಯಾರಿಗೆ ಫೋನ್‌ ಮಾಡಬೇಕು? ಇವಕ್ಕೆ ಈ ವರ್ಷದ ಬಜೆಟ್ಟಿನಲ್ಲಿ ಎಷ್ಟು ಹಣವಿದೆ? ಉತ್ತರಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಮುಂದಿನ ಸಭೆಯಲ್ಲಿ ಅದೇ ಪುಟ ತೆರೆದು, ಆದದ್ದೆಷ್ಟು ಎಂದು ಮತ್ತೆ ಕೇಳೋಣ. ಒಂದೊಂದು ಊರು ಹೀಗೆ ಲೆಕ್ಕ ಕೇಳಲು ಶುರುಮಾಡಿದರೆ, ಜಾಗತಿಕ ಶೃಂಗಸಭೆಗಳು ಎಷ್ಟೇ ತಡಮಾಡಿದರೂ ನಮ್ಮ ಮಕ್ಕಳ ತಲೆಯ ಮೇಲೆ ನೆರಳು, ಕೊಡದಲ್ಲಿ ನೀರು ಇರುವಂತೆ ಮಾಡುವುದು ನಮ್ಮಿಂದಲೇ ಸಾಧ್ಯ.